ನಾಲ್ಕು ಗಂಟೆಯ ಬಸ್ಸಿಗೆ ಮೊದಲು

(ಮಲೆನಾಡಿನ ಪದವಿ ಕಾಲೇಜುಗಳ ಹೊಸ ಅಧ್ಯಾಪಕರಿಗೆಂದು ಶಿವಮೊಗ್ಗದಲ್ಲಿ ಏರ್ಪಡಿಸಿದ್ದ ಸಭೆಯೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮೈಕ್ ಕೈಕೊಟ್ಟಾಗ ನುಂಗಿಕೊಂಡ ಒಂದೆರಡು ಮಾತನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತನ್ನು ನನಗೆ ಕೊಟ್ಟಿದ್ದಾರೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಬಿಸಿ ಅನ್ನ ಸಾರು. ಯಾರಿಗಾದರೂ ತೂಕಡಿಕೆ ಬಂದರೆ ನನಗೇನೂ ಬೇಜಾರಿಲ್ಲ. ಮಧ್ಯಾಹ್ನ ಎರಡರ ಪೀರಿಯಡ್ ತೆಗೆದುಕೊಂಡೇ ಕೂದಲು ಬೆಳ್ಳಗಾದವನು ನಾನು.

ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ತಪ್ಪು ನನ್ನದೇ.

ಒಬ್ಬ ಹುಡುಗ, ಹೊಸನಗರದ ಕಡೆಯವನು. ಅವರ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಅವನೇ ಮೊದಲಿಗ. ನನ್ನ ಹತ್ತಿರ ಬಿ.ಎ. ಓದಿ ಎಂ.ಎ.ಗೆ ಹೋದ. ರಜೆಯಲ್ಲಿ ಊರಿಗೆ ಹೋಗುವಾಗ ನಮ್ಮನೆಗೆ ಬಂದು ಹೋಗುತ್ತಿದ್ದ. ಕೊನೆಯ ಸೆಮಿಸ್ಟರ್ ಶುರುವಾಗುವ ಮುಂಚೆ ಒಂದು ಸಂಜೆ ಬಂದ. ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದ. "ಸರ್, ಎರಡನೇ ಸೆಮ್‌ನಲ್ಲಿ ಒಂದು ಪೇಪರ್ ತುಂಬಾ ಕಮ್ಮಿ ಬಂದಿದೆ. ಇಂಪ್ರೂವ್‌ಮೆಂಟ್‌ಗೆ ಅಂತ ಮತ್ತೆ ಪರೀಕ್ಷೆ ಕಟ್ಟಲಾ?" ಅಂತ ಕೇಳಿದ.

ನಾನು ಕಾರ್ಡುಗಳನ್ನು ನೋಡಿದೆ. ನೋಡಿದೆ ಅಂದರೆ, ಕಾಫಿ ಲೋಟ ಒಂದು ಕೈಯಲ್ಲಿ ಹಿಡಿದು ಮೇಲಿಂದ ಕೆಳಗೆ ಕಣ್ಣಾಡಿಸಿದೆ. ಕೂಡಿಸಿ ನೋಡಲಿಲ್ಲ. "ಐವತ್ತೈದು ಆಗ್ತದೆ ಬಿಡೋ ಮಾರಾಯ. ಪಾಯಿಂಟ್ ಲೆಕ್ಕದಲ್ಲಿ ಕಮ್ಮಿ ಬಿದ್ರೂ ರೌಂಡ್ ಆಫ್ ಮಾಡ್ತಾರೆ. ಸುಮ್ನೆ ದುಡ್ಡು ಯಾಕೆ ಕಟ್ತೀಯ, ನೆಟ್ ಪರೀಕ್ಷೆಗೆ ಓದು" ಅಂದೆ.

ಓದಿದ. ಬರೆದ. ಪಾಸೂ ಆದ! ನೆಟ್ ಅಂದರೆ ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ. ಎಂ.ಎ. ಕೊನೆಯ ವರ್ಷದಲ್ಲಿದ್ದವರೂ ಅದನ್ನು ಬರೆಯಬಹುದು. ಆದರೆ ಎಂ.ಎ.ಯಲ್ಲಿ ಬೇಕಾದಷ್ಟು ಅಂಕ ಬಂದಿದೆ ಅಂತ ಆಮೇಲೆ ತೋರಿಸಬೇಕು. ಸಾಮಾನ್ಯ ವರ್ಗದವರಿಗೆ 55 ಪರ್ಸೆಂಟ್, ಮೀಸಲಾತಿ ಇರುವವರಿಗೆ 50. ಅದೇ ಸಾಲಿನಲ್ಲಿ ಇನ್ನೊಂದು ಮಾತಿದೆ: ರೌಂಡ್ ಆಫ್ ಮಾಡುವಂತಿಲ್ಲ. ಹುಡುಗ ಸಾಮಾನ್ಯ ವರ್ಗದವನು. ಬಂದಿದ್ದು 54.7.

ಅವನು ಜಗಳ ಆಡಲಿಲ್ಲ. "ನಿಮಗೂ ಗೊತ್ತಿರ್ಲಿಲ್ಲ ಅಲ್ವಾ ಸರ್" ಅಂದ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ನಿಜ, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳುವ ಅಭ್ಯಾಸವೂ ಇರಲಿಲ್ಲ. ಪಾಠದಲ್ಲಿ ತಪ್ಪಿದರೆ ಮಾರನೇ ದಿನ ಬೋರ್ಡಿನ ಮೇಲೆ ತಿದ್ದಬಹುದು. ಮನೆ ಜಗಲಿ ಮೇಲೆ ಕೊಟ್ಟ ಸಲಹೆ ತಪ್ಪಿದರೆ ಎಲ್ಲಿ ತಿದ್ದುತ್ತೀರಿ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ ಸಲಹೆಯ ಕೆಲಸದ ಬಗ್ಗೆ. ಯಾವ ವಿಷಯ ತಗೋಬೇಕು, ಯಾವುದು ಬಿಡಬೇಕು, ಫೇಲ್ ಆದರೆ ಎಂತ ಮಾಡಬೇಕು, ಮುಂದೆ ಯಾವ ಬಾಗಿಲು ತೆಗೆಯುತ್ತದೆ, ಯಾವುದು ಮುಚ್ಚುತ್ತದೆ ಅನ್ನೋದನ್ನ ವಿದ್ಯಾರ್ಥಿಗೆ ತಿಳಿಸುವ ಕೆಲಸ. ಇದಕ್ಕೆ ನಮ್ಮಲ್ಲಿ ಸರಿಯಾದ ಹೆಸರೂ ಇಲ್ಲ. ಹೆಸರೇ ಇಲ್ಲದ ಕೆಲಸಕ್ಕೆ ಟೈಮ್‌ಟೇಬಲ್‌ನಲ್ಲಿ ಜಾಗ ಎಲ್ಲಿಂದ ಬರಬೇಕು?

ಆ ಹುಡುಗ ದೊಡ್ಡ ವಿಶ್ವವಿದ್ಯಾಲಯವೊಂದರ ಕ್ಯಾಂಪಸ್ಸಿನಲ್ಲೇ ಓದುತ್ತಿದ್ದ. ಅಲ್ಲಿ ಪ್ರೊಫೆಸರುಗಳಿದ್ದರು, ಪರೀಕ್ಷಾ ವಿಭಾಗ ಇತ್ತು, ನೋಟಿಸ್ ಬೋರ್ಡ್ ಇತ್ತು. ಅಷ್ಟೆಲ್ಲ ಬಿಟ್ಟು ಎರಡು ಬಸ್ಸು ಬದಲಿಸಿಕೊಂಡು ಹಳೇ ಬಿ.ಎ. ಮೇಷ್ಟ್ರ ಜಗಲಿಗೆ ಯಾಕೆ ಬಂದ? ಮೊದಲೆಲ್ಲ ನನ್ನ ಮೇಲಿನ ಪ್ರೀತಿ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಪ್ರೀತಿಗಿಂತ ಜಾಸ್ತಿ, ಅಲ್ಲಿ ಕೇಳುವುದಕ್ಕೆ ಅವನಿಗೆ ಯಾರೂ ಇರಲಿಲ್ಲ.

ಡಿಗ್ರಿ ಮಕ್ಕಳ ಪಾಡು ಇನ್ನೂ ಬೇರೆ. ನಮ್ಮ ಕುವೆಂಪು ವಿಶ್ವವಿದ್ಯಾಲಯವನ್ನೇ ತಗೊಳ್ಳಿ. 1987ರಲ್ಲಿ ಶುರುವಾಯಿತು. 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬೇರೆಯಾದ ಮೇಲೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳು ಇದಕ್ಕೆ ಉಳಿದವು. ಕ್ಯಾಂಪಸ್ ಇರುವುದು ಶಂಕರಘಟ್ಟದಲ್ಲಿ. ಶೃಂಗೇರಿಯಲ್ಲಿ ಬಿ.ಕಾಂ. ಓದುವ ಹುಡುಗಿಗೆ ಅದು ಸುಮಾರು ನೂರು ಕಿಲೋಮೀಟರ್ ಆಚೆ. ಮೂರು ವರ್ಷ ಓದಿ ಮುಗಿಸುವಷ್ಟರಲ್ಲಿ ಅವಳು ಒಮ್ಮೆಯೂ ಶಂಕರಘಟ್ಟ ನೋಡಿರುವುದಿಲ್ಲ. ಅವಳ ಪಾಲಿಗೆ ವಿಶ್ವವಿದ್ಯಾಲಯ ಅಂದರೆ ಮಾರ್ಕ್ಸ್ ಕಾರ್ಡಿನ ಮೇಲಿರುವ ಮುದ್ರೆ. ಇದು ಯಾರ ಮೇಲಿನ ದೂರೂ ಅಲ್ಲ. ಕಾಲೇಜುಗಳನ್ನು ಸಂಯೋಜನೆ ಮಾಡಿಕೊಂಡು ಬೆಳೆದ ನಮ್ಮ ದೇಶದ ವಿಶ್ವವಿದ್ಯಾಲಯಗಳೆಲ್ಲ ಹೀಗೇ. ನಿಯಮ ಆಗುವುದು ಒಂದು ಕಡೆ, ಆ ನಿಯಮಕ್ಕೆ ತಲೆ ಕೊಡುವ ಹುಡುಗರು ಇರುವುದು ಇನ್ನೊಂದು ಕಡೆ. ನಡುವೆ ಇರುವವರು ನೀವು. ಅದರಲ್ಲೂ ಇಲ್ಲಿ ಕೂತಿರುವ ಬಹಳ ಮಂದಿ ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೀರೋ ಇಲ್ಲವೋ ಅಂತ ನಿಮಗೇ ಗ್ಯಾರಂಟಿ ಇಲ್ಲ. ಮೂರು ವರ್ಷದ ದಾರಿ ತೋರಿಸಿ ಅಂತ ನಿಮಗೆ ಹೇಳುವುದಕ್ಕೆ ನನಗೇ ಮುಜುಗರ.

ಸ್ವಲ್ಪ ಹಳೇ ಕಥೆ ಹೇಳುತ್ತೇನೆ. ಅಮೆರಿಕದ ಹಾರ್ವರ್ಡ್‌ಗೆ 1869ರಲ್ಲಿ ಚಾರ್ಲ್ಸ್ ಎಲಿಯಟ್ ಅನ್ನುವವರು ಅಧ್ಯಕ್ಷರಾದರು. ಅಲ್ಲಿಯವರೆಗೆ ಎಲ್ಲರೂ ಹೆಚ್ಚುಕಮ್ಮಿ ಒಂದೇ ಪಾಠ ಓದಬೇಕಿತ್ತು. ಎಲಿಯಟ್ ಬಂದವರು ಆಯ್ಕೆಯ ವಿಷಯಗಳನ್ನು ಹೆಚ್ಚಿಸುತ್ತಾ ಹೋದರು. ಬೇಕಾದ್ದು ಆರಿಸಿಕೊಳ್ಳಿ ಅಂದರು. ಹುಡುಗರು ಎಂತ ಆರಿಸಬೇಕು ಅಂತ ತಿಳಿಯದೆ ಕಕ್ಕಾಬಿಕ್ಕಿ. ಸುಲಭದ ಪೇಪರ್ ಹುಡುಕುವವರು ಅಲ್ಲೂ ಇದ್ದರು ಅನ್ನಿ. ಕೊನೆಗೆ 1889ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ಸಲಹೆ ಕೊಡುವುದಕ್ಕೇ ಅಂತ ಅಧ್ಯಾಪಕರ ಒಂದು ಮಂಡಳಿ ಮಾಡಿದರು. ಆಯ್ಕೆ ಕೊಟ್ಟವರು ಸಲಹೆಗಾರರನ್ನೂ ಕೊಡಬೇಕು ಅಂತ ಅರ್ಥ ಆಗುವುದಕ್ಕೆ ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು.

ನಮಗೆ ಆಯ್ಕೆ ಬಂದದ್ದು 2021ರಲ್ಲಿ, ಹೊಸ ಶಿಕ್ಷಣ ನೀತಿಯ ಜೊತೆ. ಅದಕ್ಕೆ ಮುಂಚೆ ಪಿ.ಸಿ.ಎಂ., ಸಿ.ಬಿ.ಝೆಡ್., ಎಚ್.ಇ.ಪಿ. ಅಂತ ಮೂರು ಮೂರು ವಿಷಯ ಸೇರಿಸಿ ಕಟ್ಟಿಟ್ಟ ಪೊಟ್ಟಣ ಇರುತ್ತಿತ್ತು. ಒಂದು ಎತ್ತಿಕೊಂಡರೆ ಮುಗೀತು. ಆಮೇಲೆ ಓಪನ್ ಎಲೆಕ್ಟಿವ್, ಅಂದರೆ ತನ್ನ ವಿಭಾಗದ ಹೊರಗಿನ ಆಯ್ಕೆಯ ವಿಷಯ ಬಂತು, ಕೌಶಲದ ಪೇಪರ್ ಬಂತು, ಮೂರನೇ ವರ್ಷಕ್ಕೆ ಮೇಜರ್ ಯಾವುದು ಮೈನರ್ ಯಾವುದು ಅನ್ನುವ ಪ್ರಶ್ನೆ ಬಂತು. ಒಂದು ವರ್ಷಕ್ಕೆ ಬಿಟ್ಟು ಹೋದರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಹಾಳೆ ಮೇಲೆ ನೋಡಲು ಚೆಂದ. 2024ರಲ್ಲಿ ರಾಜ್ಯ ಸರ್ಕಾರ ಹಳೆಯ ಮೂರು ವರ್ಷದ ಪದವಿಗೆ ವಾಪಸ್ ಬಂತು. ಸರಿಯೋ ತಪ್ಪೋ ಅನ್ನುವ ಚರ್ಚೆಗೆ ನಾನು ಇಳಿಯುವುದಿಲ್ಲ. ಆ ವರ್ಷ ಕಾಲೇಜಿನ ಒಳಗೆ ಎಂತ ಆಯಿತು ಅಂತ ನೆನಪಿಸಿಕೊಳ್ಳಿ. ಮೊದಲ ವರ್ಷದವರಿಗೆ ಒಂದು ಸ್ಕೀಮು. ಎರಡು, ಮೂರನೇ ವರ್ಷದವರಿಗೆ ಇನ್ನೊಂದು. ಬಾಕಿ ಪೇಪರ್ ಕಟ್ಟಲು ಬಂದ ಹಳಬರಿಗೆ ಅದಕ್ಕೂ ಹಿಂದಿನದು. ಒಂದೇ ಸ್ಟಾಫ್ ರೂಮು, ಮೂರು ನಿಯಮ. ಅಣ್ಣ ಓದಿದ ಹಾಗೆ ತಮ್ಮ ಓದುವಂತಿಲ್ಲ. ಹಳ್ಳಿ ಮನೆಗಳಲ್ಲಿ ಇದ್ದ ಒಂದೇ ಸಲಹಾ ಕೇಂದ್ರ ಅದು, ಮೊದಲು ಓದಿದ ಅಣ್ಣನೋ ಅಕ್ಕನೋ. ಅದೂ ಹೋಯಿತು.

ಹಾಗಾದರೆ ಹುಡುಗರು ಯಾರನ್ನು ಕೇಳಿದರು? ಜೆರಾಕ್ಸ್ ಅಂಗಡಿಯವನನ್ನು.

ತಮಾಷೆಗೆ ಹೇಳುತ್ತಿಲ್ಲ. ನಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಗೇಟಿನ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಹತ್ತಡಿ ಅಗಲವೂ ಇಲ್ಲ. ಒಂದು ಮೆಷಿನ್ನು, ಎರಡು ಕಂಪ್ಯೂಟರು, ಮಳೆಗೆ ಅಡ್ಡ ಕಟ್ಟಿದ ನೀಲಿ ಟಾರ್ಪಾಲು. ಕಾಲೇಜು ಪ್ರವೇಶ, ಪರೀಕ್ಷೆಯ ಯುಯುಸಿಎಂಎಸ್ ಜಾಲತಾಣದಲ್ಲಿ ಅರ್ಜಿ ತುಂಬುವವನು ಅವನೇ, ಸ್ಕಾಲರ್‌ಶಿಪ್ಪಿಗೆ ಸರ್ಕಾರದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕುವವನೂ ಅವನೇ, ಬಸ್ ಪಾಸಿನ ಅರ್ಜಿಯೂ ಅವನ ಕೈಯಲ್ಲೇ. ನೆಟ್‌ವರ್ಕ್ ಸಿಗದ ಊರಿಂದ ಬರುವ ಮಕ್ಕಳಿಗೆ ಬೇರೆ ದಾರಿಯೂ ಇಲ್ಲ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆ ಅಂತ ಗುಡ್ಡ ಹತ್ತಿ ಕೂತ ಮಕ್ಕಳು ಇವರು. ಅರ್ಜಿ ತುಂಬುವಾಗ ಪರದೆಯ ಮೇಲೆ ಒಂದು ಪಟ್ಟಿ ಬರುತ್ತದಲ್ಲ, ಓಪನ್ ಎಲೆಕ್ಟಿವ್ ಆರಿಸಿ ಅಂತ. ಹಿಂದೆ ಇಪ್ಪತ್ತು ಜನ ಕ್ಯೂ. ಹುಡುಗಿ ಹೇಳುತ್ತಾಳೆ, "ಅಣ್ಣ, ಯಾವುದು ಹಾಕಲಿ?" ಅವನು ತಲೆ ಎತ್ತದೆ ಹೇಳುತ್ತಾನೆ, "ಎಲ್ಲರೂ ಇದನ್ನೇ ಹಾಕ್ತಿದ್ದಾರಮ್ಮ." ಕ್ಲಿಕ್. ಒಂದು ಸೆಮಿಸ್ಟರ್ ತೀರ್ಮಾನ ಆಯಿತು.

ನನಗೆ ಮೊದಲು ಸಿಟ್ಟು ಬರುತ್ತಿತ್ತು. ಒಂದು ದಿನ ಹೋಗಿ ಅವನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಆಮೇಲೆ ಸಿಟ್ಟು ಇಳಿಯಿತು. ಅವನ ಮುಂದೆ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಯಾರ ಅರ್ಜಿ ವಾಪಸ್ ಬಂತು, ಯಾಕೆ ಬಂತು ಅಂತ ಬರೆದಿಟ್ಟುಕೊಂಡಿದ್ದ. ಆಧಾರ್‌ನಲ್ಲಿ ಇನಿಷಿಯಲ್ ಮುಂದೆ ಇದ್ದು ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ ಇದ್ದರೆ ಸ್ಕಾಲರ್‌ಶಿಪ್ಪು ಸಿಕ್ಕಿಕೊಳ್ಳುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸದಿದ್ದರೆ ದುಡ್ಡು ಬರುವುದಿಲ್ಲ. ಇಂಥವು. ಇಡೀ ಸ್ಟಾಫ್ ರೂಮಿನಲ್ಲಿ ಇಂಥ ಒಂದು ಪುಸ್ತಕ ನಮ್ಮ ಯಾರ ಹತ್ತಿರವೂ ಇರಲಿಲ್ಲ. ಹೆಸರು, ಖಾತೆಯ ವಿಷಯದಲ್ಲಿ ಅವನು ಹೇಳಿದ್ದು ಒಳ್ಳೆಯ ಸಲಹೆಯೇ. ಯಾವ ವಿಷಯ ಓದಿದರೆ ಮುಂದೆ ಏನಾಗುತ್ತದೆ ಅನ್ನುವುದು ಮಾತ್ರ ಅವನಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದು ನಮ್ಮ ಕೆಲಸ. ನಾವು ಗೇಟಿನ ಈ ಕಡೆ ಕೂತು ಕಾಫಿ ಕುಡಿಯುತ್ತಿದ್ದೆವು.

ನಮ್ಮ ಹತ್ತಿರ ಬೇರೆ ಒಂದು ಪುಸ್ತಕ ಇತ್ತು ಬಿಡಿ. ಮೆಂಟರ್ ಡೈರಿ, ನಮ್ಮ ಪಾಲಿಗೆ ಬಂದ ವಿದ್ಯಾರ್ಥಿಗಳಿಗೆ ಹೇಳಿದ ಸಲಹೆ ಬರೆದಿಡುವ ಪುಸ್ತಕ. ನಗಬೇಡಿ, ನಿಮಗೂ ಬರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಒಬ್ಬ ಮೆಂಟರಿಗೆ ಎಷ್ಟು ವಿದ್ಯಾರ್ಥಿಗಳು ಅಂತ ಲೆಕ್ಕ ಕೇಳುತ್ತಿದ್ದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಕೇಳಿದ್ದಕ್ಕೆ ಸಂಖ್ಯೆ ಕೊಟ್ಟರೆ ಸಾಕು ಅಂತ ನಾವು ಕಲಿತೆವು. ತಂಡ ಬರುವ ಹಿಂದಿನ ರಾತ್ರಿ ಆರು ಜನ ಮೇಷ್ಟ್ರುಗಳು ಟ್ಯೂಬ್‌ಲೈಟ್ ಕೆಳಗೆ ಕೂತು ಎರಡು ವರ್ಷದ ಡೈರಿ ಬರೆದಿದ್ದೇವೆ. "ವಿದ್ಯಾರ್ಥಿಯು ಓದಿನಲ್ಲಿ ಆಸಕ್ತಿ ತೋರುತ್ತಿದ್ದಾನೆ." "ಹಾಜರಾತಿ ಕುರಿತು ತಿಳಿಹೇಳಲಾಯಿತು." ಒಂದೇ ಕೈಬರಹ ಕಾಣಬಾರದು ಅಂತ ಪೆನ್ನು ಬದಲಿಸಿದೆವು. ಹಳೆಯದಾಗಿ ಕಾಣಲಿ ಅಂತ ಒಬ್ಬರು ಪುಟದ ಮೇಲೆ ಟೀ ಚೆಲ್ಲಿದರು. ಅದೊಂದು ಕಲೆ ಮಾತ್ರ ಅಸಲಿ. ಹಾಗೆ ತಿಳಿಹೇಳಿಸಿಕೊಂಡ ಹುಡುಗರಲ್ಲಿ ಒಬ್ಬ ಅಷ್ಟು ಹೊತ್ತಿಗೆ ಓದು ಬಿಟ್ಟು ಬೆಂಗಳೂರಿನ ಬೇಕರಿಯೊಂದರಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ನಮಗೆ ಗೊತ್ತೇ ಇರಲಿಲ್ಲ.

ಬೇರೆ ಕಡೆ ಇದನ್ನು ಸರಿಯಾಗಿ ಮಾಡಿದವರು ಇದ್ದಾರಾ? ಇದ್ದಾರೆ. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಕ್ಯೂನಿ ಅಂತಾರೆ. ಅದರ ಎರಡು ವರ್ಷದ ಸಮುದಾಯ ಕಾಲೇಜುಗಳಿಗೆ ಬರುವವರು ಬಡವರ ಮಕ್ಕಳು, ವಲಸೆ ಬಂದವರು, ಕೆಲಸ ಮಾಡುತ್ತಾ ಓದುವವರು. ಅರ್ಧದಲ್ಲಿ ಬಿಡುವವರೇ ಜಾಸ್ತಿ. 2007ರಲ್ಲಿ ಅವರು ಅಸಾಪ್ ಅನ್ನುವ ಯೋಜನೆ ಶುರು ಮಾಡಿದರು. ಅದರಲ್ಲಿ ಒಬ್ಬ ಸಲಹೆಗಾರನಿಗೆ 60ರಿಂದ 80 ವಿದ್ಯಾರ್ಥಿಗಳು. ಅದೇ ಕಾಲೇಜುಗಳಲ್ಲಿ ಯೋಜನೆಯ ಹೊರಗೆ ಒಬ್ಬನಿಗೆ 600ಕ್ಕೂ ಮೇಲೆ ಇರುತ್ತಿದ್ದರು. ಯೋಜನೆಯ ಒಳಗಿನವರನ್ನೂ ಹೊರಗಿನವರನ್ನೂ ಎಂಡಿಆರ್‌ಸಿ ಅನ್ನುವ ಸಂಶೋಧನಾ ಸಂಸ್ಥೆ ಚೀಟಿ ಎತ್ತಿದ ಹಾಗೆ ಆರಿಸಿ ಹೋಲಿಸಿ ನೋಡಿತು. ಮೂರು ವರ್ಷದಲ್ಲಿ ಪಾಸಾದವರು ಹೊರಗೆ ನೂರಕ್ಕೆ 22, ಒಳಗೆ 40. ದುಪ್ಪಟ್ಟಿಗೆ ಹತ್ತಿರ. ಸಲಹೆಗಾರರೊಬ್ಬರಿಂದಲೇ ಇಷ್ಟಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಫೀಸಿನಲ್ಲಿ ನೆರವು, ಪುಸ್ತಕ, ಹೆಚ್ಚುವರಿ ಪಾಠ ಎಲ್ಲವೂ ಇತ್ತು. ಒಬ್ಬೊಬ್ಬ ವಿದ್ಯಾರ್ಥಿಗೆ ಖರ್ಚು ಜಾಸ್ತಿಯೇ ಆಯಿತು. ಆದರೆ ಪಾಸಾದವರ ತಲೆ ಲೆಕ್ಕದಲ್ಲಿ ನೋಡಿದರೆ ಖರ್ಚು ಕಮ್ಮಿ ಬಿತ್ತು.

ಇದರಲ್ಲಿ ನನ್ನ ಮನಸ್ಸಿಗೆ ಹಿಡಿಸಿದ್ದು ಒಂದು ಸಣ್ಣ ಸಂಗತಿ. ಪ್ರತಿ ತಿಂಗಳೂ ಅವರಿಗೆ ಬಸ್ಸು, ಮೆಟ್ರೋ ಓಡಾಟದ ಪಾಸು ಪುಕ್ಕಟೆ. ಸಲಹೆಗಾರರನ್ನು ಭೇಟಿ ಮಾಡುವಂಥ ಷರತ್ತುಗಳನ್ನು ಪಾಲಿಸಿದವರಿಗೆ ಮಾತ್ರ. ಎಂಥ ತಲೆ ನೋಡಿ! ಬಡ ಹುಡುಗನ ಓದು ಎಲ್ಲಿ ಮುರಿಯುತ್ತದೆ ಅಂತ ಗೊತ್ತಿದ್ದವರು ಮಾಡಿದ ಕೆಲಸ ಅದು. ಓದು ಮುರಿಯುವುದು ಬಸ್ ಸ್ಟ್ಯಾಂಡಿನಲ್ಲಿ.

ಅಮೆರಿಕದ್ದೇ ಜಾರ್ಜಿಯಾ ಸ್ಟೇಟ್ ಅನ್ನುವ ಇನ್ನೊಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ 2012ರಿಂದ ಕಂಪ್ಯೂಟರು ಪ್ರತಿ ವಿದ್ಯಾರ್ಥಿಯ 800 ಸೂಚನೆಗಳ ಮೇಲೆ ಕಣ್ಣಿಟ್ಟಿರುತ್ತದೆ. ಯಾರೋ ತಪ್ಪು ಪೇಪರ್ ತಗೊಂಡರೆ ಗಂಟೆ ಬಾರಿಸುತ್ತದೆ. ಆ ಗಂಟೆ ಕೇಳಿ ಹುಡುಗನನ್ನು ಕರೆದು ಮಾತಾಡಿಸುವುದಕ್ಕೆ ಅಂತ 42 ಹೊಸ ಸಲಹೆಗಾರರನ್ನೂ ತಗೊಂಡರು. ನಮ್ಮಲ್ಲಿ ಗಂಟೆ ಮಾತ್ರ ತರುತ್ತಾರೆ ಅನ್ನುವ ಭಯ ನನಗಿದೆ.

ಇರಲಿ, ಬಸ್ಸಿಗೆ ಬರೋಣ. ನಮ್ಮ ಕಡೆ ಕಾಲೇಜಿನ ನಿಜವಾದ ಟೈಮ್‌ಟೇಬಲ್ ಬರೆಯುವವನು ಡ್ರೈವರು. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಆರಕ್ಕೆ. ಆರರ ಬಸ್ಸು ಇಳಿದ ಮೇಲೆ ಕೆಲವು ಮಕ್ಕಳು ಎರಡು ಮೂರು ಮೈಲಿ ಕಾಡು ದಾರಿ ನಡೆಯಬೇಕು. ಮಳೆಗಾಲದಲ್ಲಿ ಬೇಗನೇ ಕತ್ತಲು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಒಳ್ಳೆಯದೇ ಆಯಿತು. ಆದರೆ ನಮ್ಮ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್ಸು. ಹೀಗಿರುವಾಗ ನಾವು ಸಲಹೆಯ ಹೊತ್ತು ಅಂತ ನಾಲ್ಕರ ಮೇಲೆ ಇಟ್ಟುಕೊಂಡಿದ್ದೆವು. ತರಗತಿಗೆ ತೊಂದರೆ ಆಗಬಾರದಲ್ಲ! ನಾಲ್ಕರ ಮೇಲೆ ಬರುತ್ತಿದ್ದವರು ಶಿವಮೊಗ್ಗ ಪೇಟೆಯಲ್ಲೇ ಮನೆ ಇದ್ದವರು. ಅವರಿಗೆ ಸಲಹೆ ಕೊಡುವ ಅಪ್ಪ ಅಮ್ಮ ಮನೆಯಲ್ಲೇ ಇದ್ದರು.

ನಿವೃತ್ತಿಗೆ ನಾಲ್ಕು ವರ್ಷ ಇದ್ದಾಗ ನಾನು ನನ್ನ ಹೊತ್ತನ್ನು ಮಧ್ಯಾಹ್ನದ ಊಟದ ಬಿಡುವಿಗೆ ತಂದೆ. ಬುತ್ತಿ ತಂದು ಇಲ್ಲೇ ಉಣ್ಣಿ ಅಂದೆ. ಮೊದಲ ವಾರ ಯಾರೂ ಬರಲಿಲ್ಲ. ಎರಡನೇ ವಾರ ಇಬ್ಬರು ಬಂದು ಬಾಗಿಲಲ್ಲೇ ನಿಂತರು. ಅವರಿಗೆ ನಾನು ಮಾರ್ಕ್ಸ್ ಕೇಳಲಿಲ್ಲ. ಮಾರ್ಕ್ಸ್ ಕೇಳಿದರೆ ಬಾಯಿ ಹೊಲಿದುಕೊಂಡ ಹಾಗೆ ಆಗುತ್ತದೆ. "ಯಾವ ಬಸ್ಸಿಗೆ ಬರ್ತೀಯ? ಮನೆಯಿಂದ ಎಷ್ಟೊತ್ತಿಗೆ ಹೊರಡ್ತೀಯ?" ಅಂತ ಕೇಳಿದೆ. ಐದೂಕಾಲಿಗೆ ಎದ್ದು ಹಾಲು ಕರೆದು ಏಳಕ್ಕೆ ಬಸ್ಸು ಹಿಡಿಯುವವಳು ಒಬ್ಬಳು. ಅವಳ ಹಾಜರಾತಿ ಯಾಕೆ ಕಮ್ಮಿ ಅಂತ ಆ ಒಂದು ಪ್ರಶ್ನೆಯಲ್ಲಿ ಗೊತ್ತಾಯಿತು. ಮೊದಲ ಪೀರಿಯಡ್ಡಿಗೆ ಅವಳ ಬಸ್ಸು ಬರುತ್ತಲೇ ಇರಲಿಲ್ಲ. ನಾವು ಎರಡು ವರ್ಷದಿಂದ ಅವಳನ್ನು ಸೋಮಾರಿ ಅಂದುಕೊಂಡಿದ್ದೆವು.

1972ರಲ್ಲಿ ಬರ್ನ್ಸ್ ಕ್ರೂಕ್‌ಸ್ಟನ್ ಅನ್ನುವ ಅಮೆರಿಕದ ಪ್ರೊಫೆಸರೊಬ್ಬರು ಸಲಹೆ ಕೊಡುವುದೂ ಪಾಠ ಮಾಡುವುದರ ಒಂದು ಬಗೆ ಅಂತ ವಾದ ಮಾಡಿದರು. ಇದನ್ನು ಬಹಳ ತಡವಾಗಿ ತಿಳಿದುಕೊಂಡೆ. ಪಾಠ ಅಂದರೆ ತಯಾರಿ ಬೇಕು. ನಾನು ಒಂದು ಗಂಟೆ ಪಾಠಕ್ಕೆ ಎರಡು ಗಂಟೆ ಓದಿಕೊಳ್ಳುತ್ತಿದ್ದೆ. 55 ಪರ್ಸೆಂಟಿನ ನಿಯಮ ಓದುವುದಕ್ಕೆ ಹತ್ತು ನಿಮಿಷ ಕೊಟ್ಟಿರಲಿಲ್ಲ.

ಆ ಹುಡುಗನ ಸಂಗತಿ ಆದ ಮೇಲೆ ಎರಡು ಅಭ್ಯಾಸ ಮಾಡಿಕೊಂಡೆ. ಒಂದು, "ಗೊತ್ತಿಲ್ಲ, ಗುರುವಾರ ಹೇಳ್ತೀನಿ" ಅನ್ನುವುದು. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು. ಮೇಷ್ಟ್ರಾಗಿ ಗೊತ್ತಿಲ್ಲ ಅನ್ನುವುದು ಹೇಗೆ! ಆಮೇಲೆ ನೋಡಿದರೆ, ಹಾಗಂದ ಮೇಲೆ ಹುಡುಗರು ಇನ್ನೂ ಜಾಸ್ತಿ ಬರತೊಡಗಿದರು. ಇನ್ನೊಂದು, ಹೇಳಿದ್ದನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಡುವುದು. ಸಹಿ ಹಾಕಬೇಕು ಅಂದಾಗ ಪೆನ್ನು ತಾನೇ ನಿಧಾನ ಆಗುತ್ತದೆ. ಸುತ್ತೋಲೆ ತೆಗೆದು ಇನ್ನೊಮ್ಮೆ ನೋಡೋಣ ಅನ್ನಿಸುತ್ತದೆ. ನನ್ನ ಸಹೋದ್ಯೋಗಿಯೊಬ್ಬರು "ನಾಳೆ ಆ ಚೀಟಿ ಹಿಡ್ಕೊಂಡು ನಿಮ್ಮ ಮೇಲೇ ಬರ್ತಾರೆ ನೋಡಿ" ಅಂದರು. ಬರಲಿ ಅಂತಲೇ ಕೊಡುವುದು. ಬಾಯಿ ಮಾತಾದರೆ ಕಡೆಗೆ ಎಲ್ಲಾ ತಪ್ಪೂ ಹುಡುಗನ ತಲೆಗೇ ಬರುತ್ತದೆ, ಅಲ್ವಾ?

ನೀವು ಅರವತ್ತು ಮಕ್ಕಳಿಗೆ ಹೀಗೆ ಮಾಡಲು ಆಗುತ್ತದಾ ಅಂತ ಕೇಳಬಹುದು. ಈಗಿರುವ ಪಾಠದ ಹೊರೆ, ಎಲೆಕ್ಷನ್ ಡ್ಯೂಟಿ, ಮೌಲ್ಯಮಾಪನ ಇಟ್ಟುಕೊಂಡು ಆಗುವುದಿಲ್ಲ. ಆಗುತ್ತದೆ ಅಂತ ಹೇಳಿ ಚಪ್ಪಾಳೆ ಗಿಟ್ಟಿಸಲು ನಾನು ಬಂದಿಲ್ಲ. ವಾರಕ್ಕೆ ಎರಡು ಗಂಟೆಯನ್ನಾದರೂ ಕೆಲಸದ ಅವಧಿ ಅಂತ ಲೆಕ್ಕ ಹಿಡಿಯಿರಿ, ಅತಿಥಿ ಉಪನ್ಯಾಸಕರಿಗೂ ಹಿಡಿಯಿರಿ ಅಂತ ನಿಮ್ಮ ಪ್ರಾಂಶುಪಾಲರನ್ನು ಕೇಳಿ. ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿ. ಅಷ್ಟರವರೆಗೆ, ಮೊದಲ ವರ್ಷದ ಮೊದಲ ತಿಂಗಳು ಮತ್ತು ವಿಷಯ ಆರಿಸುವ ವಾರ, ಈ ಎರಡು ಹೊತ್ತಿನಲ್ಲಿ ಗೇಟಿನ ಎದುರಿನ ಅಂಗಡಿಗೆ ಹೋಗಿ ಸ್ಟೂಲ್ ಹಾಕಿಕೊಂಡು ಕೂತರೂ ಸಾಕು. ಅಂಗಡಿಯವನು ಬೇಡ ಅನ್ನುವುದಿಲ್ಲ. ಟೀ ಕೂಡ ತರಿಸುತ್ತಾನೆ.

ಮಾತು ಮುಗಿದ ಮೇಲೆ ನಡೆದದ್ದನ್ನೂ ಇಲ್ಲಿ ಸೇರಿಸುತ್ತೇನೆ. ಹಿಂದಿನ ಸಾಲಿನಲ್ಲಿ ಸ್ವಯಂಸೇವಕಿಯಾಗಿ ನಿಂತಿದ್ದ ಹುಡುಗಿಯೊಬ್ಬಳು, ಎಂ.ಎ. ಮೊದಲ ವರ್ಷದವಳು, ಬ್ಯಾಗು ಹೆಗಲಿಗೇರಿಸಿಕೊಂಡೇ ಬಂದಳು. "ಸರ್, ನನಗೆ ಬಿ.ಎ.ನಲ್ಲಿ 49.6 ಇದೆ. ಬಿ.ಎಡ್. ಮಾಡೋಕಾಗಲ್ಲ ಅಂತಾರೆ. ಹೌದಾ?" ನಾಲಿಗೆ ತುದಿಗೆ ಒಂದು ಉತ್ತರ ಬಂದಿತ್ತು. ನುಂಗಿಕೊಂಡೆ. ಗುರುವಾರ ಹೇಳ್ತೀನಮ್ಮ ಅಂತ ನಂಬರ್ ಬರೆದುಕೊಂಡೆ. ಗಡಿಯಾರ ನೋಡಿ ಓಡಿದಳು. ನಾಲ್ಕಕ್ಕೆ ಹತ್ತು ನಿಮಿಷ ಇತ್ತು.

ಮನೆಗೆ ಬಂದು, ಶಿಕ್ಷಕರ ತರಬೇತಿ ಕೋರ್ಸುಗಳಿಗೆ ನಿಯಮ ಮಾಡುವ ಎನ್‌ಸಿಟಿಇಯ 2014ರ ನಿಯಮ ತೆಗೆದು ಓದಿದೆ. ಪದವಿಯಲ್ಲಾಗಲಿ ಸ್ನಾತಕೋತ್ತರ ಪದವಿಯಲ್ಲಾಗಲಿ 50 ಪರ್ಸೆಂಟ್ ಇದ್ದರೆ ಆಯಿತು ಅಂತ ಇದೆ. ಅಂದರೆ ಅವಳು ಎಂ.ಎ.ಯಲ್ಲಿ 50 ದಾಟಿದರೆ ಬಾಗಿಲು ತೆರೆದೇ ಇದೆ. ಅರ್ಜಿ ಕರೆಯುವ ವರ್ಷದ ಪ್ರಕಟಣೆಯನ್ನೂ ಒಮ್ಮೆ ನೋಡಿಕೋ ಅಂತ ಸೇರಿಸಿ ಗುರುವಾರ ಫೋನ್ ಮಾಡಿ ಹೇಳಿದೆ. ಬಸ್ಸಿನಲ್ಲಿದ್ದಳು, ಅರ್ಧ ಮಾತು ಕಟ್ ಆಗುತ್ತಿತ್ತು. ಕೊನೆಗೆ ಅಂದಳು, "ಸರ್, ಅವತ್ತು ಹೇಳಿದ್ರಲ್ಲ, ಚೀಟಿ. ಇದನ್ನ ಬರೆದು ಕೊಡ್ತೀರಾ?"

ಬರೆದೆ. ಸಹಿ ಹಾಕುವ ಮುಂಚೆ ನಿಯಮವನ್ನು ಇನ್ನೊಂದು ಸಲ ಓದಿದೆ. ಆಮೇಲೆ ಫೋಟೊ ತೆಗೆದು ಕಳಿಸಿದೆ.